ಮೊದಲು ಮೂರನೇ ಪಿನ್ನು, ಆಮೇಲೆ ಸ್ಮಾರ್ಟ್ ಬೋರ್ಡು

ಓದುಗರ ಪ್ರಶ್ನೆ – ಈ ಸಲ: ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್, ಸ್ಮಾರ್ಟ್ ಕ್ಲಾಸ್

ಪ್ರಶ್ನೆ: ನಮ್ಮ ಕ್ಲಸ್ಟರಿನ 11 ಶಾಲೆಗಳಿಗೆ ಸ್ಮಾರ್ಟ್ ಕ್ಲಾಸ್ ಬೇಡಿಕೆ ಪಟ್ಟಿ ಕೊಡಿ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಹೇಳಿದ್ದಾರೆ. ಶಾಲೆಗೊಂದು 65 ಇಂಚಿನ ಸ್ಮಾರ್ಟ್ ಬೋರ್ಡ್ ಪ್ಯಾನೆಲ್ ಎಂದು ಬರೆದು ಕಳಿಸಿದರೆ ನಡೆಯುತ್ತದೆಯೇ?
– ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಶಹಾಪುರ ತಾಲ್ಲೂಕು

ಉತ್ತರ: ಕಳಿಸಬಹುದು, ಪ್ಯಾನೆಲ್ಲೂ ಬರಬಹುದು. ಮರುವರ್ಷ ಹೋಗಿ ನೋಡಿದರೆ ಅವುಗಳಲ್ಲಿ ಕೆಲವಕ್ಕೆ ಬೆಡ್‌ಶೀಟ್ ಹೊದಿಸಿಟ್ಟಿರುತ್ತಾರೆ. ಪಟ್ಟಿ ಬರೆಯುವ ಮೊದಲು ಒಬ್ಬ ವೈರ್‌ಮನ್‌ನನ್ನೂ ಮಲ್ಟಿಮೀಟರನ್ನೂ ಕರೆದುಕೊಂಡು ಹನ್ನೊಂದೂ ಶಾಲೆ ಸುತ್ತಿ ಬನ್ನಿ. ಶಾಲೆಗೊಂದು ಹಾಳೆ ಸಾಕು. ಜೆಸ್ಕಾಂನ ಕರೆಂಟ್ ಬಿಲ್ ಬಾಕಿ ಇದೆಯೇ, ಮಂಜೂರಾದ ಲೋಡ್ ಎಷ್ಟು, ಬೆಳಿಗ್ಗೆ 11ಕ್ಕೂ ಮಧ್ಯಾಹ್ನ 3ಕ್ಕೂ ವೋಲ್ಟೇಜ್ ಎಷ್ಟು, ಯಾವ ಕೋಣೆಗೆ ಬೀಗ ಸರಿಯಾಗಿ ಬೀಳುತ್ತದೆ, ಯಾವ ಕೋಣೆಯ ಮಾಳಿಗೆ ಸೋರುತ್ತದೆ, ಯಾವ ಮಾಧ್ಯಮ, ಇದನ್ನು ನಿಜವಾಗಿ ಬಳಸುವ ಶಿಕ್ಷಕರು ಯಾರ್ಯಾರು – ಇಷ್ಟು ಬರೆಸಿಕೊಳ್ಳಿ.

ನಮ್ಮ ಕಡೆ ಬಹಳ ಉಪಕರಣ ಸಾಯುವುದು ಅರ್ತಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ಇಲ್ಲದೆ. ಸಾಕೆಟ್ಟಿಗೆ ಮೂರು ತೂತು ಇರುತ್ತವೆ, ಮೂರನೆಯದರ ಹಿಂದೆ ತಂತಿಯೇ ಇರುವುದಿಲ್ಲ. ಫೇಸ್ (ಕರೆಂಟ್ ಬರುವ ತಂತಿ) ಮತ್ತು ನ್ಯೂಟ್ರಲ್ (ಮರಳುವ ತಂತಿ) ನಡುವೆ 230 ವೋಲ್ಟಿನ ಆಸುಪಾಸು ಬಂದರೆ, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಅಲ್ಲಿ ಸೊನ್ನೆಯೋ, ಎಂಬತ್ತು ನೂರು ಎಂದು ಕುಣಿಯುವ ಅಂಕಿಯೋ ಕಂಡರೆ ಅರ್ತ್ ಇಲ್ಲವೆಂದೇ ತಿಳಿಯಿರಿ. ನ್ಯೂಟ್ರಲ್–ಅರ್ತ್ ನಡುವೆ 2–3 ವೋಲ್ಟ್ ದಾಟಬಾರದು. ಮೀಟರೇ ಇಲ್ಲದ ಕಡೆಯೂ ಸುಳಿವು ಸಿಗುತ್ತದೆ: ಸಿಪಿಯು ಡಬ್ಬಿ ಮುಟ್ಟಿದರೆ ಬೆರಳು ಝುಮ್ ಅನ್ನುತ್ತದೆ ಎಂದು ಮಕ್ಕಳೇ ಹೇಳುತ್ತಾರೆ. ಅದು ಆಟದ ಮಾತಲ್ಲ, ಆ ಕೋಣೆ ಅಂದೇ ಮುಚ್ಚಿ.

ಇನ್ನೊಂದು ತೊಡಕು ನಮ್ಮ ಎರೆಭೂಮಿಯದು. ಮಳೆಗಾಲದಲ್ಲಿ ಪರೀಕ್ಷೆ ಮಾಡಿದರೆ ಅರ್ತ್ ಚೆನ್ನಾಗಿಯೇ ಇರುತ್ತದೆ. ಮಾರ್ಚ್ ಬಂದಂತೆ ಎರೆಮಣ್ಣು ಬಾಯಿ ಬಿಡುತ್ತದೆ, ಗುಂಡಿಯಲ್ಲಿ ಹೂತ ಅರ್ತ್ ರಾಡಿನಿಂದ ಮಣ್ಣು ಸರಿದು ನಿಲ್ಲುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ, ಮೇಲೆ ಕೊಳವೆ ಬಿಡಿಸಿ, ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಿಸಿ. ಅರ್ತಿನ ರೋಧದ ಅಳತೆಯನ್ನೂ ಬೇಸಿಗೆಯಲ್ಲೇ ತೆಗೆಸಿ. 5 ಓಮ್ ಒಳಗಿದ್ದರೆ ಒಳ್ಳೆಯದು.

ಕರೆಂಟ್ ಹೋದಾಗ ನಡೆಸುವ ಬ್ಯಾಟರಿಯ ಲೆಕ್ಕ ಹೀಗೆ. ಪ್ಯಾನೆಲ್ 180 ವ್ಯಾಟ್, ಒಂದು ಫ್ಯಾನ್ 75, ಒಂದು ಟ್ಯೂಬ್ 20, ಒಟ್ಟು 275. 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಲೇಬಲ್ ಪ್ರಕಾರ 1,800 ವ್ಯಾಟ್‌ಅವರ್ ಇದೆ. ಬಾಳಿಕೆ ಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು. ಇನ್ವರ್ಟರ್ ತಿನ್ನುವ 15 ಶೇಕಡಾ ಕಳೆದರೆ ಕೈಗೆ ಸಿಗುವುದು 765. ಎರಡೂವರೆ ಗಂಟೆ ಪಾಠಕ್ಕೆ ಧಾರಾಳ. ಅದೇ ಬ್ಯಾಟರಿಗೆ 120 ವ್ಯಾಟಿನ ಹತ್ತು ಡೆಸ್ಕ್‌ಟಾಪ್ ಕಟ್ಟಿದರೆ ಅರ್ಧ ಗಂಟೆಗೆ ಕುಂಯ್ ಅನ್ನುತ್ತದೆ. ಕರೆಂಟ್ ಮೇಲಿಂದ ಮೇಲೆ ಹೋಗುವ ಊರಿಗೆ ಲ್ಯಾಪ್‌ಟಾಪ್ ಬರೆಯಿರಿ.

ಬೇಸಿಗೆ ರಜೆ ಬ್ಯಾಟರಿಗೆ ಕಂಟಕ. ಚಾರ್ಜ್ ಇಲ್ಲದೆ ಒಂದೂವರೆ ತಿಂಗಳು ಬಿಟ್ಟರೆ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟುತ್ತದೆ; ಚಾರ್ಜಿನಲ್ಲೇ ಬಿಟ್ಟರೆ ಈ ಬಿಸಿಲಿಗೆ ನೀರು ಆರುತ್ತದೆ. ರಜೆಗೆ ಮೊದಲು ಡಿಸ್ಟಿಲ್ಡ್ ವಾಟರ್ ತುಂಬಿಸಿ, ಪೂರ್ತಿ ಚಾರ್ಜ್ ಮಾಡಿ, ಲೋಡ್ ಕಳಚಿ, 15 ದಿನಕ್ಕೊಮ್ಮೆ ಒಂದು ದಿನ ಚಾರ್ಜಿಗೆ ಹಾಕಬೇಕು. ಬೋರ್‌ವೆಲ್ ನೀರು ಮಾತ್ರ ಬೇಡವೇ ಬೇಡ. ಚಾರ್ಜಿಗೆ ಯಾರು ಹಾಕುತ್ತಾರೆ? ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಯಾವ ಸದಸ್ಯರು ಎಂದು ಹೆಸರು ಹಿಡಿದು ಹಾಳೆಯಲ್ಲಿ ಬರೆಯಿರಿ.

ದುಡ್ಡು ಸಮಗ್ರ ಶಿಕ್ಷಣದಿಂದ ಬರಲಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಬರಲಿ, ನಮ್ಮ ಸಲಹೆ ಇದು: ನೂರು ರೂಪಾಯಿಯಲ್ಲಿ 55 ಉಪಕರಣಕ್ಕೆ, 20 ವೈರಿಂಗ್, ಅರ್ತಿಂಗ್, ಬ್ಯಾಟರಿಗೆ, 10 ತರಬೇತಿಗೆ, 15 ಮುಂದಿನ ಐದು ವರ್ಷದ ರಿಪೇರಿಗೆ. ನಾಲ್ಕೈದು ವರ್ಷಕ್ಕೆ ಬ್ಯಾಟರಿ ಬದಲಿಸಲೇಬೇಕು, ಅದೂ ಆ 15ರಲ್ಲೇ. ಅರ್ತ್ ಆಗದ ಶಾಲೆಗೆ ಈ ವರ್ಷ ವೈರಿಂಗ್ ಮಾತ್ರ ಕೇಳಿ, ಪ್ಯಾನೆಲ್ ಮುಂದಿನ ವರ್ಷ. ಊರವರು ಸಿಟ್ಟಾಗುತ್ತಾರೆ, ಆಗಲಿ.

ಪ್ರಶ್ನೆ: ನೆಟ್‌ವರ್ಕ್ ಸಿಗಬೇಕಾದರೆ ಶಾಲೆಯ ಮಾಳಿಗೆ ಹತ್ತಬೇಕು. ದೀಕ್ಷಾದ (ಸರ್ಕಾರದ ಪಾಠಗಳ ಆ್ಯಪ್) ವಿಡಿಯೊ ತೆರೆಯದೆ ತಿರುಗುತ್ತಲೇ ಇರುತ್ತದೆ. ಏನು ಮಾಡೋಣ?
– ಮುಖ್ಯಗುರುಗಳು, ಔರಾದ ತಾಲ್ಲೂಕು

ಉತ್ತರ: ತರಗತಿಯಲ್ಲಿ ಇಂಟರ್‌ನೆಟ್ ನಂಬಬೇಡಿ. ಒಬ್ಬರಿಗೆ 1 ಎಂಬಿಪಿಎಸ್ ವೇಗ ಎಂದರೂ 30 ಮಕ್ಕಳಿಗೆ 30 ಬೇಕು, ಅದು ಬರುವುದಿಲ್ಲ. ವಾರದ ಪಾಠಗಳನ್ನು ಸಿಗ್ನಲ್ ಇರುವ ಕಡೆ ದೀಕ್ಷಾ ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಮಕ್ಕಳೇ ಬಳಸಬೇಕೆಂದರೆ ಹಳೆಯ ಲ್ಯಾಪ್‌ಟಾಪಿಗೋ ರಾಸ್ಪ್‌ಬೆರಿ ಪೈಗೋ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಉಚಿತವಾಗಿ ಸಿಗುವ ಕೊಲಿಬ್ರಿ ತಂತ್ರಾಂಶ ಹಾಕಿ, ಒಂದು ವೈಫೈ ರೌಟರ್ ಜೋಡಿಸಿ. ಇಂಟರ್‌ನೆಟ್ ಇಲ್ಲದೆಯೇ ಅದರಲ್ಲಿರುವ ಪಾಠಗಳು ಟ್ಯಾಬ್‌ಗಳಲ್ಲಿ ತೆರೆಯುತ್ತವೆ.

ಕೆಡುವುದು ಎರಡು ಕಡೆ. ಕರೆಂಟ್ ದಿಢೀರ್ ಹೋದರೆ ಪೈಯ ಮೆಮೊರಿ ಕಾರ್ಡ್ ಹಾಳಾಗುತ್ತದೆ. ಅದನ್ನೂ ಬ್ಯಾಟರಿ ಲೈನಿಗೇ ಕೊಡಿ, ಕಾರ್ಡಿನ ಇನ್ನೊಂದು ಪ್ರತಿ ಕಪಾಟಿನಲ್ಲಿರಲಿ. ಎರಡನೆಯದಾಗಿ, ಸಿಮ್ ಇರುವ ಮೊಬೈಲು ವೈಫೈನಲ್ಲಿ ಇಂಟರ್‌ನೆಟ್ ಇಲ್ಲವೆಂದು ತಾನಾಗಿಯೇ ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ, ಪಾಠ ತೆರೆಯುವುದಿಲ್ಲ. ಡೇಟಾ ಬಂದ್ ಮಾಡಿದರೆ ಸರಿ.

ನಿಮ್ಮ ಕಡೆ ಮರಾಠಿ, ಉರ್ದು ಮಾಧ್ಯಮದ ಶಾಲೆಗಳೂ ಇವೆ. ಮಾರುವವರ ‘ಎಲ್ಲ ಭಾಷೆಯಲ್ಲೂ ಇದೆ’ ಎಂಬ ಮಾತು ನೆಚ್ಚಬೇಡಿ; ಮೆನು ಮಾತ್ರ ನಮ್ಮ ಭಾಷೆ, ದನಿ ಇಂಗ್ಲಿಷ್ ಆಗಿರುತ್ತದೆ. ಆರನೆಯ ತರಗತಿಯ ವಿಜ್ಞಾನದ ಒಂದು ಪಾಠ ಪೂರ್ತಿ ಹಾಕಿ ತೋರಿಸಲು ಹೇಳಿ.

ಪ್ರಶ್ನೆ: ಹಳೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಮಾಡಿದ ಪ್ರಶ್ನೆಪತ್ರಿಕೆಗಳು ಹೊಸದರಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿವೆ. ವೈರಸ್ಸೇ?
– ಶಿಕ್ಷಕಿ, ಚಿತ್ತಾಪುರ

ಉತ್ತರ: ಅಲ್ಲ ಮೇಡಂ. ಅವು ಹಳೆಯ ಆಸ್ಕಿ ಫಾಂಟಿನವು; ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದವು. ಆ ಫಾಂಟ್ ಇಲ್ಲದ ಕಡೆ ಹಾಗೆಯೇ ಕಾಣುತ್ತವೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬದಲಿಸಿ, ಬಳಿಕ ‘ಸೂರ್ಯ’, ‘ವರ್ಷ’ದಂಥ ಅರ್ಕಾವತ್ತಿನ ಪದಗಳನ್ನೂ ಗಣಿತದ ಚಿಹ್ನೆಗಳನ್ನೂ ಕಣ್ಣಿಟ್ಟು ನೋಡಿ, ಹೆಚ್ಚಾಗಿ ತಪ್ಪುವುದು ಅಲ್ಲೇ. ಇನ್ನು ಮುಂದೆ ಯೂನಿಕೋಡಿನಲ್ಲೇ ಟೈಪ್ ಮಾಡಿ.

ಪ್ರಶ್ನೆ: ಒಂದು ಕಂಪನಿಯವರು 40 ಟ್ಯಾಬ್ ಪುಕ್ಕಟೆ ಕೊಡುತ್ತೇವೆ ಅನ್ನುತ್ತಿದ್ದಾರೆ. ತಗೊಳ್ಳೋಣವೇ?
– ಎಸ್‌ಡಿಎಂಸಿ ಅಧ್ಯಕ್ಷರು, ಸೇಡಂ ತಾಲ್ಲೂಕು

ಉತ್ತರ: ತಗೊಳ್ಳಿ, ಮೊದಲು ಮೂರು ಮಾತು ಬರವಣಿಗೆಯಲ್ಲಿ ಪಡೆಯಿರಿ: ಎರಡು ವರ್ಷ ರಿಪೇರಿ ಯಾರದು, ಒಳಗಿನ ಆ್ಯಪ್‌ಗೆ ಮುಂದೆ ಹಣ ಕೇಳುತ್ತಾರೆಯೇ, ಮಕ್ಕಳ ಯಾವ ಮಾಹಿತಿ ತೆಗೆದುಕೊಳ್ಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18ರ ಒಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕೆಂದಿದೆ. ಬಂದ ದಿನವೇ ದಾಸ್ತಾನು ವಹಿಗೆ ಒಂದೊಂದರ ಸೀರಿಯಲ್ ನಂಬರ್ ಏರಿಸಿ. ಚಾರ್ಜ್ ಹಾಕುವಾಗ ಕಪಾಟಿನ ಬಾಗಿಲು ತೆರೆದಿರಲಿ, ಒಮ್ಮೆಗೆ ಇಪ್ಪತ್ತು ಸಾಕು. ರಜೆಗೆ ಇಡುವಾಗ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ ತಂಪು ಕೋಣೆಯಲ್ಲಿಡಿ. ತಗಡಿನ ಕೋಣೆಯಲ್ಲಿಟ್ಟರೆ ಜೂನ್‌ನಲ್ಲಿ ತೆಗೆದಾಗ ಬ್ಯಾಟರಿ ಉಬ್ಬಿ ಗಾಜು ಮೇಲೆದ್ದಿರುತ್ತದೆ. ಹಾಗೆ ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.