ಸೀಸನ್ ಮಧ್ಯೆ ಆಟಗಾರನನ್ನು ಕೈಬಿಟ್ಟರೆ ಸ್ಯಾಲರಿ ಕ್ಯಾಪ್ ಲೆಕ್ಕ ಏನಾಗುತ್ತದೆ?

ಪ್ರಶ್ನೆ: ನಾನು ಮೈಸೂರಿನವನು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್ ಹುಚ್ಚು ಹತ್ತಿದೆ. ನನ್ನ ತಂಡ ನ್ಯೂಯಾರ್ಕ್ ಜೈಂಟ್ಸ್. 2024ರ ನವೆಂಬರ್‌ನಲ್ಲಿ ಅವರು ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಡೇನಿಯಲ್ ಜೋನ್ಸ್ ಅವರನ್ನು ಸೀಸನ್ ಮಧ್ಯದಲ್ಲೇ ಬಿಟ್ಟರು. ಆದರೂ 2025ರ ಸ್ಯಾಲರಿ ಕ್ಯಾಪ್‌ನಲ್ಲಿ (ಒಂದು ವರ್ಷಕ್ಕೆ ಆಟಗಾರರ ಸಂಬಳಕ್ಕೆ ತಂಡಕ್ಕಿರುವ ಗರಿಷ್ಠ ಮಿತಿ) ಅವರ ಹೆಸರಲ್ಲಿ 2.2 ಕೋಟಿ ಡಾಲರ್ ಕೂತಿತ್ತು. ತಂಡದಲ್ಲೇ ಇಲ್ಲದವರಿಗೆ ಇಷ್ಟು ದುಡ್ಡು ಯಾಕೆ? ಸೀಸನ್ ಮುಗಿಯೋವರೆಗೆ ಕಾದಿದ್ದರೆ ಉಳಿಯುತ್ತಿತ್ತಲ್ವಾ?

ಉತ್ತರ: ಇಲ್ಲ, ಉಳಿಯುತ್ತಿರಲಿಲ್ಲ. ಕಾದಿದ್ದರೂ ಅದೇ ಮೊತ್ತವೇ ಬರುತ್ತಿತ್ತು.

ಆ 2.2 ಕೋಟಿ 2025ರ ಸಂಬಳ ಅಲ್ಲ, ಹಳೆ ಬೋನಸ್‌ನ ಬಾಕಿ ಲೆಕ್ಕ. ಜೋನ್ಸ್ 2023ರ ಮಾರ್ಚ್‌ನಲ್ಲಿ 4 ವರ್ಷಕ್ಕೆ 16 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಅದರಲ್ಲಿ 3.6 ಕೋಟಿ ಸೈನಿಂಗ್ ಬೋನಸ್, ಅಂದರೆ ಸಹಿ ಹಾಕಿದ್ದಕ್ಕೆ ಕೊಡುವ ಹಣ. ಈ ಬೋನಸ್ಸನ್ನು ಕ್ಯಾಪ್ ಪುಸ್ತಕದಲ್ಲಿ ಒಪ್ಪಂದದ ವರ್ಷಗಳಿಗೆ ಸಮವಾಗಿ ಹಂಚಬಹುದು, ಹೆಚ್ಚೆಂದರೆ 5 ವರ್ಷಕ್ಕೆ. ಇಲ್ಲಿ 4 ವರ್ಷ, ಅಂದರೆ ವರ್ಷಕ್ಕೆ 90 ಲಕ್ಷ. ಅದೇ ವರ್ಷ ತಂಡಕ್ಕೆ ಕ್ಯಾಪ್ ಜಾಗ ಬೇಕಾಯಿತು. ಅವರ ಸಂಬಳದಲ್ಲಿ 84.2 ಲಕ್ಷವನ್ನು ಬೋನಸ್ ಅಂತ ಬದಲಾಯಿಸಿ, ಅದನ್ನೂ 4 ವರ್ಷಕ್ಕೆ ಹಂಚಿದರು. ವರ್ಷಕ್ಕೆ ಇನ್ನೊಂದು 21 ಲಕ್ಷದಷ್ಟು ಸೇರಿತು. ಒಟ್ಟು ವರ್ಷಕ್ಕೆ 1.11 ಕೋಟಿ ಆಯಿತು.

2024ರಲ್ಲಿ ಬಿಟ್ಟಾಗ 2025 ಮತ್ತು 2026ರ ಕಂತು ಬಾಕಿ ಇತ್ತು. ಎರಡೂ ಸೇರಿದರೆ ನೀವು ಹೇಳಿದ 2.2 ಕೋಟಿ. ಇದನ್ನೇ ಡೆಡ್ ಮನಿ ಅನ್ನುವುದು. ಐಪಿಎಲ್ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನಿಸುತ್ತದೆ. ಅಲ್ಲಿ ಹರಾಜಿಗೆ ಮುಂಚೆ ಆಟಗಾರನನ್ನು ಬಿಟ್ಟರೆ ಅವರ ಬೆಲೆ ಪೂರ್ತಿ ಪರ್ಸ್‌ಗೆ ವಾಪಸ್. ಇಲ್ಲಿ ಕೊಟ್ಟ ಬೋನಸ್ ಒಂದಲ್ಲ ಒಂದು ವರ್ಷ ಕ್ಯಾಪ್‌ಗೆ ಬಂದೇ ತೀರಬೇಕು. ಯಾವ ವರ್ಷ ಅನ್ನುವುದಷ್ಟೇ ತಂಡದ ಕೈಯಲ್ಲಿರುತ್ತದೆ, ಅದೂ ಸ್ವಲ್ಪ ಮಟ್ಟಿಗೆ.

ಅದನ್ನು ತೀರ್ಮಾನಿಸುವುದು ಜೂನ್ 1. ಆ ದಿನಕ್ಕಿಂತ ಮುಂಚೆ ಬಿಟ್ಟರೆ ಬಾಕಿ ಕಂತುಗಳೆಲ್ಲ ಅದೇ ವರ್ಷಕ್ಕೆ ಬೀಳುತ್ತವೆ. ಆಮೇಲೆ ಬಿಟ್ಟರೆ ಈ ವರ್ಷದ ಕಂತು ಈ ವರ್ಷಕ್ಕೆ, ಉಳಿದದ್ದೆಲ್ಲ ಮುಂದಿನ ವರ್ಷಕ್ಕೆ. ಸೀಸನ್ ಶುರುವಾಗುವುದೇ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಮಧ್ಯದಲ್ಲಿ ಬಿಟ್ಟರೆ ಯಾವಾಗಲೂ ಎರಡನೇ ಲೆಕ್ಕ. ಈಗ ನಿಮ್ಮ ಪ್ರಶ್ನೆಗೆ ಬನ್ನಿ. 2025ರ ಮಾರ್ಚ್‌ನಲ್ಲಿ ಬಿಟ್ಟಿದ್ದರೂ ಅದೇ ಎರಡು ಕಂತು ಒಟ್ಟಿಗೆ 2025ಕ್ಕೇ ಬರುತ್ತಿತ್ತು. ಒಂದು ಪೈಸೆ ವ್ಯತ್ಯಾಸವಿಲ್ಲ. ಕಾದಿದ್ದರೆ ಸಿಗುತ್ತಿದ್ದ ಒಂದೇ ಅನುಕೂಲ, ಜೂನ್ 1ರ ನಂತರದ ಲೆಕ್ಕ ಹಿಡಿದು ಒಂದು ಕಂತನ್ನು 2026ಕ್ಕೆ ತಳ್ಳುವುದು. ಅದೂ ತಳ್ಳುವುದೇ, ಉಳಿತಾಯ ಅಲ್ಲ.

2024ರಲ್ಲೂ ಏನೂ ಉಳಿಯಲಿಲ್ಲ. ಆ ವರ್ಷದ 3.55 ಕೋಟಿ ಸಂಬಳಕ್ಕೆ ಗ್ಯಾರಂಟಿ ಇತ್ತು. ವಾರಕ್ಕೆ ಹತ್ತಿರ ಹತ್ತಿರ 20 ಲಕ್ಷ. ಆಡಿಸಿದರೂ ಲೆಕ್ಕಕ್ಕೆ, ಮನೆಗೆ ಕಳಿಸಿದರೂ ಲೆಕ್ಕಕ್ಕೆ.

ಹಾಗಾದರೆ ಯಾಕೆ ಬಿಟ್ಟರು? ನನ್ನ ಪ್ರಕಾರ ಇಡೀ ಕಥೆ ಇರುವುದು ಒಪ್ಪಂದದ ಇನ್ನೊಂದು ಸಾಲಿನಲ್ಲಿ. ಅವರ 2025ರ ಸಂಬಳದಲ್ಲಿ 2.3 ಕೋಟಿಗೆ ಗಾಯದ ಗ್ಯಾರಂಟಿ ಇತ್ತು. ನವೆಂಬರ್‌ನಲ್ಲಿ ಮೊಣಕಾಲು ಮುರಿದುಕೊಂಡು ಮಾರ್ಚ್‌ನ ವೈದ್ಯಕೀಯ ಪರೀಕ್ಷೆಯಲ್ಲಿ ಫೇಲ್ ಆದರೆ, ಆಡದಿದ್ದರೂ ಆ 2.3 ಕೋಟಿ ಕೊಡಬೇಕು. ಡೆಡ್ ಮನಿಯ ಮೇಲೆ ಇದು ಬೇರೆ. 2 ಗೆಲುವು, 8 ಸೋಲಿನಲ್ಲಿದ್ದ ತಂಡ ಆ ಅಪಾಯ ತೆಗೆದುಕೊಳ್ಳಲಿಲ್ಲ. ಮೊದಲು ಬೆಂಚ್‌ನಲ್ಲಿ ಕೂರಿಸಿದರು. ಕೆಲವೇ ದಿನದಲ್ಲಿ ಜೋನ್ಸ್ ಅವರೇ ಬಿಟ್ಟುಬಿಡಿ ಅಂದರು, ಬಿಟ್ಟರು. ಇನ್ನು ಮುಂದೆ ಯಾವುದೇ ತಂಡ ಸೀಸನ್ ಮಧ್ಯೆ ದೊಡ್ಡ ಕ್ವಾರ್ಟರ್‌ಬ್ಯಾಕ್‌ನನ್ನು ಇದ್ದಕ್ಕಿದ್ದಂತೆ ಕೂರಿಸಿದರೆ, ಆಟದ ಅಂಕಿಅಂಶಕ್ಕಿಂತ ಮೊದಲು ಗ್ಯಾರಂಟಿ ಸಾಲು ಓದಿ.

ಪ್ರಶ್ನೆ: ಗ್ಯಾರಂಟಿ ಇಲ್ಲದ ಸಣ್ಣ ಆಟಗಾರರನ್ನು ಬಿಟ್ಟರೆ ಉಳಿದ ಸಂಬಳ ಪೂರ್ತಿ ಉಳಿಯುತ್ತದೆಯೇ?

ಉತ್ತರ: ಉಳಿಯುತ್ತದೆ, ಆದರೆ ಕಾಗದದಲ್ಲಿ ಕಂಡಷ್ಟಲ್ಲ. ಸಂಬಳ ಲೆಕ್ಕ ಹಾಕುವುದು ಸೀಸನ್‌ನ 18 ವಾರಕ್ಕೆ. 18 ಲಕ್ಷ ಡಾಲರ್ ಸಂಬಳದವರನ್ನು 6 ವಾರ ಆದ ಮೇಲೆ ಬಿಟ್ಟರು ಅಂತಿಟ್ಟುಕೊಳ್ಳಿ. 12 ಲಕ್ಷ ಉಳಿಯಿತು. ಆದರೆ ಆ ಜಾಗಕ್ಕೆ ಇನ್ನೊಬ್ಬರು ಬೇಕಲ್ಲ. 2024ರಲ್ಲಿ ಹೊಸಬರ ಕನಿಷ್ಠ ಸಂಬಳ 7.95 ಲಕ್ಷ. ಉಳಿದ 12 ವಾರಕ್ಕೆ ಅದು 5.3 ಲಕ್ಷ. ನಿಜವಾದ ಉಳಿತಾಯ 6.7 ಲಕ್ಷ ಅಷ್ಟೇ. ಸಮಾಧಾನ ಏನೆಂದರೆ ಬಳಸದ ಕ್ಯಾಪ್ ಜಾಗವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು.

ಅನುಭವಿಗಳ ವಿಷಯ ಬೇರೆ. 4 ಸೀಸನ್ ಮುಗಿಸಿದವರು ಮೊದಲ ವಾರದಲ್ಲಿ ತಂಡದಲ್ಲಿದ್ದರೆ, ಆಮೇಲೆ ಬಿಟ್ಟರೂ ಆ ವರ್ಷದ ಉಳಿದ ಸಂಬಳ ಕೇಳಬಹುದು. ವೃತ್ತಿಜೀವನದಲ್ಲಿ ಒಂದೇ ಸಲ ಈ ಹಕ್ಕು. ತಂಡಗಳು ಇದಕ್ಕೂ ದಾರಿ ಹುಡುಕಿವೆ: ಮೊದಲ ಪಂದ್ಯಕ್ಕೆ ಮುಂಚೆ ಅನುಭವಿಗಳನ್ನು ಬಿಟ್ಟು, ಎರಡನೇ ವಾರ ವಾಪಸ್ ಕರೆಸಿಕೊಳ್ಳುತ್ತವೆ. ನನಗಂತೂ ಇದು ಕಂಜೂಸು ಬುದ್ಧಿ ಅನಿಸುತ್ತದೆ, ಆದರೆ ನಿಯಮದೊಳಗೇ ಇದೆ.

ಪ್ರಶ್ನೆ: ಬಿಟ್ಟ ಆಟಗಾರನನ್ನು ಬೇರೆ ತಂಡ ತೆಗೆದುಕೊಂಡರೆ ಹಳೆ ತಂಡದ ಹೊರೆ ಇಳಿಯುತ್ತದೆಯೇ?

ಉತ್ತರ: ಹೇಗೆ ತೆಗೆದುಕೊಂಡರು ಅನ್ನುವುದರ ಮೇಲಿದೆ. ಟ್ರೇಡ್ ಗಡುವು (ತಂಡಗಳು ಆಟಗಾರರನ್ನು ಅದಲು ಬದಲು ಮಾಡಲು ಇರುವ ಕೊನೆ ದಿನ) ಮುಗಿದ ಮೇಲೆ ಬಿಟ್ಟ ಪ್ರತಿಯೊಬ್ಬರೂ, ಅನುಭವಿಗಳೂ ಸೇರಿ, ವೇವರ್ಸ್ ದಾಟಬೇಕು. ಅಂದರೆ ಹಳೆ ಒಪ್ಪಂದದ ಸಮೇತ ಎತ್ತಿಕೊಳ್ಳಲು ಬೇರೆ ತಂಡಗಳಿಗೆ ಮೊದಲ ಅವಕಾಶ. ಅಲ್ಲಿ ಯಾರಾದರೂ ಎತ್ತಿಕೊಂಡರೆ ಉಳಿದ ವಾರಗಳ ಸಂಬಳ ಅವರದು. ಬೋನಸ್ ಬಾಕಿ ಮಾತ್ರ ಹಳೆ ತಂಡದ್ದೇ. 2021ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಓಡೆಲ್ ಬೆಕ್‌ಹ್ಯಾಮ್ ಜೂನಿಯರ್ ಅವರನ್ನು ಬಿಟ್ಟಾಗ, ಎತ್ತಿಕೊಳ್ಳುವವರು 72.5 ಲಕ್ಷ ಡಾಲರ್ ಹೊರಬೇಕಿತ್ತು. ಅಷ್ಟು ಕ್ಯಾಪ್ ಜಾಗ ಖಾಲಿ ಇದ್ದ ತಂಡಗಳೇ ಕಡಿಮೆ. ಯಾರೂ ಮುಂದೆ ಬರಲಿಲ್ಲ. ಅವರು ತಾವೇ ಆರಿಸಿಕೊಂಡು ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿದರು, ಅದೇ ಸೀಸನ್‌ನಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಜೋನ್ಸ್ ಅವರನ್ನೂ ಯಾರೂ ಎತ್ತಿಕೊಳ್ಳಲಿಲ್ಲ. ಅವರು ಮಿನ್ನೆಸೋಟಾ ವೈಕಿಂಗ್ಸ್‌ನ ಪ್ರಾಕ್ಟೀಸ್ ಸ್ಕ್ವಾಡ್‌ಗೆ (ಮುಖ್ಯ ತಂಡದ ಹೊರಗಿನ ಅಭ್ಯಾಸ ಬಳಗ) ಹೋದರು.

ವೇವರ್ಸ್ ದಾಟಿ ಹೊಸ ಒಪ್ಪಂದ ಮಾಡಿಕೊಂಡರೆ, ಹಳೆ ಒಪ್ಪಂದದಲ್ಲಿ ಆಫ್‌ಸೆಟ್ ಷರತ್ತು ಇದೆಯಾ ನೋಡಬೇಕು. ಇದ್ದರೆ ಹೊಸ ತಂಡ ಕೊಡುವಷ್ಟು ಹಳೆ ತಂಡದ ಗ್ಯಾರಂಟಿಯಲ್ಲಿ ಕಡಿತ. ಇಲ್ಲದಿದ್ದರೆ ಆಟಗಾರನಿಗೆ ಎರಡೂ ಕಡೆಯ ಸಂಬಳ.