ಅವನು ಅರ್ಜಿ ಹಿಂತೆಗೆದುಕೊಂಡರೂ ದಾರಿ ಇದೆ

ಗ್ರೀನ್ ಕಾರ್ಡ್ ಇರುವ ಗಂಡ ಹೊಡೆಯುತ್ತಾನೆ, ಬಾಯಿಬಿಟ್ಟರೆ ನಿಮಗೂ ಗ್ರೀನ್ ಕಾರ್ಡ್ ಸಿಗಲೆಂದು ಹಾಕಿದ ಐ-130 ಎಂಬ ಕುಟುಂಬ ವಲಸೆ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ ಎಂದು ಬರೆದಿದ್ದೀರಿ. ಹಿಂತೆಗೆದುಕೊಳ್ಳಲಿ ಬಿಡಿ. ವಾವಾ (VAWA) ಎಂದು ಕರೆಯುವ, ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಅಮೆರಿಕದ 1994ರ ಕಾನೂನಿನಡಿ ನೀವೇ ಸ್ವಂತವಾಗಿ ಐ-360 ಎಂಬ ವಲಸೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ಅವನ ಸಹಿ ಬೇಕಿಲ್ಲ, ವಲಸೆ ಇಲಾಖೆ ಅವನಿಗೆ ತಿಳಿಸುವಂತೆಯೂ ಇಲ್ಲ. ಐ-130ರ ಆದ್ಯತಾ ದಿನಾಂಕ, ಅಂದರೆ ಸರದಿಯಲ್ಲಿ ನಿಮ್ಮ ಸ್ಥಾನ ನಿರ್ಧರಿಸುವ ದಿನಾಂಕ, ನಿಮ್ಮ ಹೊಸ ಅರ್ಜಿಗೂ ದೊರೆಯುತ್ತದೆ. ಸರದಿಯಲ್ಲಿ ಕಾದ ಕಾಲ ನೀರುಪಾಲಾಗುವುದಿಲ್ಲ.

ಪೊಲೀಸ್ ದೂರು ಕೊಟ್ಟಿಲ್ಲವೆಂದು ಕೈಚೆಲ್ಲಬೇಡಿ. ವೈದ್ಯರ ದಾಖಲೆ, ನಡುರಾತ್ರಿ ಬಂದ ಬೆದರಿಕೆಯ ಸಂದೇಶ, ಗೋಡೆಯಾಚೆಯಿಂದ ಕೂಗಾಟ ಕೇಳಿದ ನೆರೆಯವರ ಹೇಳಿಕೆ, ಎಲ್ಲವೂ ಸಾಕ್ಷ್ಯವೇ. ಹೊಡೆತವಷ್ಟೇ ಅಲ್ಲ, ತೀವ್ರ ಮಾನಸಿಕ ಕ್ರೌರ್ಯವೂ ಲೆಕ್ಕಕ್ಕೆ ಬರುತ್ತದೆ. ಹಲವರು ಮರೆಯುವುದು ಮದುವೆ ನಿಜವೆಂದು ತೋರಿಸುವ ಕಾಗದಗಳನ್ನು: ಇಬ್ಬರ ಹೆಸರಿರುವ ಬಾಡಿಗೆ ಕರಾರು, ಜಂಟಿ ಖಾತೆಯ ವಿವರ. ಇವತ್ತೇ ಫೋಟೊ ತೆಗೆದಿಡಿ.

ವಿಚ್ಛೇದನವಾದರೆ 2 ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಮಂಜೂರಾಗುವ ಮೊದಲು ಮರುಮದುವೆಯಾದರೆ ಅರ್ಜಿ ಬಿದ್ದುಹೋಗುತ್ತದೆ.

ನಿಮ್ಮ ಫೋನ್ ಅವನ ಹೆಸರಿನಲ್ಲಿದ್ದರೆ ಕರೆಗಳ ಪಟ್ಟಿ ಅವನಿಗೆ ಸಿಗಬಹುದು. ಗೆಳತಿಯ ಫೋನಿನಿಂದ ಅಮೆರಿಕದ ರಾಷ್ಟ್ರೀಯ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233ಕ್ಕೆ ಕರೆ ಮಾಡಿ, ಉಚಿತ ವಲಸೆ ವಕೀಲರ ಬಗ್ಗೆ ವಿಚಾರಿಸಿ. ಅರ್ಜಿಯಲ್ಲಿ ಅಂಚೆಗೆ ಮನೆಯ ವಿಳಾಸ ಕೊಡಬೇಡಿ, ಸುರಕ್ಷಿತವಾದ ಬೇರೊಂದನ್ನು ಬರೆಯಿರಿ.