ಪೆಟ್ರೋಲ್ ಪಂಪ್‌ನಾಗ ಫೋನ್ ತೆಗೆದ್ರ ಖರೇನೇ ಬೆಂಕಿ ಹತ್ತತದಾ?

ನೀವು ಕೇಳಿದ್ದು ಬರೋಬ್ಬರಿ ಅದ್ರಿ, ಕಂಬಕ್ಕ ಮ್ಯಾಲ ಮೊಬೈಲ್ ಬಂದ್ ಅಂತ ಬೋರ್ಡು, ಅದೇ ಕಂಬಕ್ಕ ಕೆಳಗ ಕ್ಯೂಆರ್ ಕೋಡು, ಹಂಗಾದ್ರ ಫೋನ್ ತೆಗೀಬೇಕೋ ಬ್ಯಾಡೋ ಅಂತ. ನಾ ಕಲಬುರಗಿ ರಿಂಗ್ ರೋಡ್ ಕಡೆ ಒಂದು ಪಂಪ್‌ನಾಗ ಕ್ಯಾಶ್ ನೋಡ್ಕೋತೀನಿ, ನಮಗೂ ಜನ ಇದನ್ನೇ ಕೇಳಿ ನಗ್ತಾರ.

ಫೋನಿನ ಸಿಗ್ನಲ್‌ಗೆ ಪೆಟ್ರೋಲ್ ಹತ್ತಿದ್ದು ಎಲ್ಲೂ ಸಾಬೀತಾಗಿಲ್ರಿ. ಅಮೆರಿಕದಾಗ ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಅಂತ ಪಂಪ್ ಸಾಮಾನಿನ ಧಂದೆದವ್ರ ಸಂಘ ಅದ, ಅವ್ರು ಪೆಟ್ರೋಲ್ ಹಾಕ್ವಾಗ ಬೆಂಕಿ ಬಿದ್ದ 150ಕ್ಕಿಂತ ಹೆಚ್ಚು ಕೇಸ್ ಕೂಡಿಸಿ ನೋಡಿದ್ರು, ಫೋನಿಂದ ಅಂತ ಒಂದೂ ಸಿಗ್ಲಿಲ್ಲ, ಹೆಚ್ಚಿನವು ಸ್ಟ್ಯಾಟಿಕ್ ಕರೆಂಟಿನ ಕಡೆ, ಅಂದ್ರ ತಿಕ್ಕಾಟದಿಂದ ಮೈಮ್ಯಾಲ ಕೂಡೋ ಕರೆಂಟಿನ ಕಡೆ ಬೆರಳು ತೋರ್ಸೋವು. ಅಲ್ಲಿ ಜನ ತಾವೇ ಹಾಕ್ಕೋತಾರ, ನಾಜಲ್ ಸಿಗಿಸಿ ಕಾರಿನಾಗ ಹೋಗಿ ಕುಂತು, ಸೀಟಿಗೆ ಬಟ್ಟಿ ತಿಕ್ಕಿ, ತಿರುಗಿ ಬಂದು ನಾಜಲ್ ಮುಟ್ಟಿದ್ರೆ ಚಟ್ ಅಂತದ, ಮುಗೀತು.

ಪೆಟ್ರೋಲ್ ಆವಿ ಹತ್ತಾಕ ಭಾಳ ಸಣ್ಣ ಕಿಡಿ ಸಾಕು. ಕಾರಿನ ಬಾಗ್ಲಾ ಮುಟ್ಟಿದಾಗ ಬೆರಳಿಗೆ ಚುರ್ ಅಂತದಲ್ಲ, ನಿಮಗ ಗೊತ್ತಾಗೋವಷ್ಟು ಅದ ಅಂದ್ರ ಅದೇ ಜಾಸ್ತಿ ಆಯ್ತು. ಆವಿ ಗಾಳಿಗಿಂತ ಭಾರ, ಟ್ಯಾಂಕ್ ಬಾಯಿಂದ ಕೆಳಗೇ ಇಳೀತದ, ನಿಮ್ಮ ಸೈಲೆನ್ಸರ್ ಇರೋ ಕಡೆನೇ. ನಮ್ಮ ಕಡೆ ಏಪ್ರಿಲ್ ಮೇದಾಗ 42-43 ಡಿಗ್ರಿ ಬಿಸ್ಲು, ಗಾಳಿನೂ ಒಣ ಒಣ, ಸ್ಟ್ಯಾಟಿಕ್ ಹುಟ್ಟಾಕ ಇದಕ್ಕಿಂತ ಛಲೋ ಟೈಮ್ ಬ್ಯಾರೆ ಬೇಕಾ.

ಟ್ಯಾಂಕರ್ ಖಾಲಿ ಮಾಡ್ವಾಗ ಒಮ್ಮೆ ದೂರ ನಿಂತು ನೋಡ್ರಿ. ಇಂಜಿನ್ ಬಂದ್, ಗಾಲಿಗೆ ಅಡ್ಡ ಕಟ್ಟಿಗಿ, ಬಾಜೂಕ ಉಸುಕಿನ ಬಕೆಟ್, ಮೊದಲು ಸ್ಟ್ಯಾಟಿಕ್ ನೆಲಕ್ಕ ಇಳಿಸೋ ಅರ್ಥಿಂಗ್ ಕ್ಲಿಪ್ ಟ್ಯಾಂಕರ್ ಮೈಗೆ ಕಚ್ಚಿಸ್ತಾರ, ಪೇಂಟ್ ಮ್ಯಾಲ ಕಚ್ಚಿದ್ರ ಮತ್ತ ತೆಗೆದು ಬರೀ ಕಬ್ಬಿಣ ಇರೋ ಜಾಗಾ ಹುಡುಕಿ ಹಚ್ತಾರ, ಪೈಪ್ ಜೋಡ್ಸೋದು ಆಮ್ಯಾಲೆ. ಈ ಧಂದೆದವ್ರು ಯಾವುದಕ್ಕ ಹೆದರ್ತಾರ ಅಂತ ಅಲ್ಲೇ ತಿಳೀತದ.

ಹಂಗಂತ ಬೋರ್ಡು ಸುಳ್ಳಲ್ಲ. ನಮ್ಮ ಕೈಯಾಗಿನ ಫೋನು ಆವಿ ತುಂಬಿದ ಜಾಗಕ್ಕಂತ ಮಾಡಿದ್ದಲ್ಲ, ಕೆಳಗ ಬಿದ್ದು ಬ್ಯಾಟರಿ ಕೆಟ್ಟು ಕಿಡಿ ಬರೋದು ಅಪರೂಪ ಖರೆ ಆದ್ರ ಆಗಂಗೇ ಇಲ್ಲ ಅನ್ನಾಕ ಬರಂಗಿಲ್ಲ. ನನಗ ಅದಕ್ಕಿಂತ ಕಾಟ ಅಂದ್ರ ಹೆಗಲಿಗೂ ಕಿವಿಗೂ ನಡುವ ಫೋನ್ ಸಿಗಿಸಿ ಬೈಕ್ ಮ್ಯಾಲೇ ಕುಂತು ಹಾಕ್ಸೋವ್ರು. ಮೀಟರ್ ಜೀರೋ ನೋಡಂಗಿಲ್ಲ, ಆಮ್ಯಾಲೆ ಕಡಿಮಿ ಹಾಕಿದ್ರಿ ಅಂತ ನಮ್ಮ ಹುಡುಗ್ರ ಮ್ಯಾಲ ಒದರ್ತಾರ, ನಾಜಲ್ ಇನ್ನೂ ಟ್ಯಾಂಕಿನಾಗ ಇರ್ವಾಗ್ಲೇ ಗಾಡಿ ಸರಿಸಿ ಬಿಸಿ ಇಂಜಿನ್ ಮ್ಯಾಲ ಚೆಲ್ಲಿಸ್ಕೋತಾರ.

ಅದಕ್ಕ ನೀವು ಗಾಡಿ ಬಂದ್ ಮಾಡಿ ಇಳೀರಿ, ಹ್ಯಾಂಡಲ್ಲೋ ಏನೋ ಬರೀ ಕಬ್ಬಿಣ ಒಮ್ಮೆ ಮುಟ್ಟಿ ಆಮ್ಯಾಲೆ ಮುಚ್ಚಳ ತೆಗೀರಿ, ಹಾಕಿಸ್ಕೊಂಡು ಗಾಡಿ ಮುಂದ ತಂದು ಅಲ್ಲಿ ಸ್ಕ್ಯಾನ್ ಮಾಡ್ರಿ, ಸೌಂಡ್‌ಬಾಕ್ಸ್ ಒದರಿದ್ದು ನಮಗ ಕೇಳ್ತದ. ಇನ್ನ ತೊಗರಿಗೆ ಔಷಧ ಹೊಡಿಯೋ ಪಂಪಿಗಂತ ಪ್ಲಾಸ್ಟಿಕ್ ಬಾಟ್ಲಿ ತರೋವ್ರಿದ್ರ, ಅದ್ರಾಗ ನಾವು ಹಾಕಂಗಿಲ್ಲ. ಕ್ಯಾನ್ ತಂದವ್ರಿಗೂ ಗಾಡಿ ಮ್ಯಾಲ ಬ್ಯಾಡ, ನೆಲಕ್ಕ ಇಡ್ರಿ ಅಂತೀವಿ, ಅದೂ ಸ್ಟ್ಯಾಟಿಕ್ ಸಲುವಾಗೇ. ಸಿಟ್ಟಾಗ್ತಾರ, ಆಗ್ಲಿ.